ಬುತ್ತಿ ಕಟ್ಟಿಕೊಂಡು ಹೊರಟವರು

ನಮ್ಮ ಗದಗ ಸೀಮೆಯಲ್ಲಿ ರಾಜರು ದಂಡು ಕಟ್ಟಿಕೊಂಡು ಹೋದದ್ದು ಶಾಸನಗಳಲ್ಲಿದೆ. ಹತ್ತಿಯ ಅಂಡಿಗೆಗಳು ಹೋದದ್ದು ಸರಕಾರದ ದಫ್ತರಗಳಲ್ಲಿದೆ. ಹೆಂಗಸರು ಊರು ಬಿಟ್ಟು ಊರಿಗೆ ಹೋದದ್ದು ಎಲ್ಲಿದೆ ಎಂದು ಹುಡುಕಹೊರಟರೆ ಅದು ಸಿಗುವುದು ಅಡಿಗೆಮನೆಯ ಗಡಿಗೆ-ಡಬ್ಬಿಗಳಲ್ಲಿ. ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ, ಮಾದಲಿ, ಶೇಂಗಾ ಹೋಳಿಗೆ. ಇವನ್ನೆಲ್ಲ ನಾವು ಹಬ್ಬದ ತಿನಿಸು, ಬಡವರ ಊಟ ಎಂದು ಬೇರೆ ಬೇರೆ ಸಾಲಿನಲ್ಲಿ ಕೂಡಿಸುತ್ತೇವೆ. ನನಗೇನೋ ಇವೆಲ್ಲ ಒಂದೇ ಸಾಲಿನವು ಎನಿಸುತ್ತದೆ. ಇವು ದಾರಿಯ ಪದಾರ್ಥಗಳು. ನೀರಿನ ಪಸೆ ಆರಿಸಿ, ಹುರಿದು, ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ಚಕ್ಕಡಿಯ ಮೂಲೆಯಲ್ಲಿಟ್ಟರೆ ಎಂಟು-ಹತ್ತು ದಿನ ಬಾಯಿಗೆ ಬರುವಂಥವು.

ಈಗ ಹೊರದೇಶಗಳಲ್ಲಿ ಮನೆಯಂಥ ಮೋಟಾರುಗಳಿವೆಯಂತೆ. ಒಳಗೇ ಹಾಸಿಗೆ, ಒಳಗೇ ಒಲೆ. ಮನಸ್ಸು ಬಂದಲ್ಲಿ ನಿಲ್ಲಿಸಿ ಅಡಿಗೆ ಮಾಡಿ ಉಂಡು ಮುಂದೆ ಸಾಗುವುದು. ನಮ್ಮ ದೇಶಕ್ಕೂ ‘ಕ್ಯಾರವಾನ್ ಪ್ರವಾಸ’ ಎಂಬ ಹೆಸರಿನಲ್ಲಿ ಅದು ಬಂದಿದೆ. ಟಿವಿಯಲ್ಲಿ ಅದನ್ನು ತೋರಿಸಿದಾಗ ನಮ್ಮ ಓಣಿಯ ಹಿರಿಯರೊಬ್ಬರು, “ಇದರಾಗೇನೈತವಾ, ನಮ್ಮ ಕೊಲ್ಲಾರಿ ಬಂಡೀಗೆ ಗಾಜು ಹಚ್ಚ್ಯಾರ” ಎಂದರು. ನಾನು ಅವತ್ತೇ ಅವರ ಮಾತನ್ನು ಬರೆದಿಟ್ಟುಕೊಂಡೆ.

ಕೊಲ್ಲಾರಿ ಬಂಡಿ ನೋಡದ ಹುಡುಗಿಯರು ಈಗ ಬಹಳ. ಹೇಳುತ್ತೇನೆ. ಹೊಲದ ಚಕ್ಕಡಿಯೇ ಅದು. ಅದರ ಮೇಲೆ ಬಿದಿರಿನ ಕಮಾನು ಬಾಗಿಸಿ ಕಟ್ಟಿ, ಗುಡಾರ ಹೊದಿಸಿ, ಒಳಗೆ ಒಂದು ಗೇಣು ಹುಲ್ಲು ಹರಡಿ, ಮೇಲೆ ಜಮಖಾನೆ, ಅದರ ಮೇಲೆ ಕೌದಿ. ಹಿಂದಿನ ಬಾಯಿಗೆ ಹಳೆಯ ಸೀರೆಯ ಪರದೆ. ತಲೆಯ ಮೇಲಿನ ಕಮಾನಿಗೆ ಕೂಸಿನ ಜೋಳಿಗೆ. ಬಂಡಿಯ ಕೆಳಗೆ ಅಚ್ಚಿನ ಹತ್ತಿರ ತೂಗುಹಾಕಿದ ಕೀಲೆಣ್ಣೆಯ ಗೊಟ್ಟ ಮತ್ತು ಒಂದು ಕಂದೀಲು. ಎತ್ತುಗಳಿಗೆ ಕಣಿಕಿ ಮತ್ತು ಹಿಂಡಿ, ಮನುಷ್ಯರಿಗೆ ಹಿಟ್ಟಿನ ಚೀಲ, ಹಂಚು, ಪರಾತ, ಒಂದು ಬುಟ್ಟಿ ಕುಳ್ಳು, ತಿರುಗಣಿ ತಂಬಿಗೆ. ಇಷ್ಟನ್ನು ಹೇರಿಕೊಂಡು ಎತ್ತು ಗಂಟೆಗೆ ಎರಡು-ಎರಡೂವರೆ ಮೈಲು ನಡೆಯುತ್ತದೆ. ಮುಂಡರಗಿಯಿಂದ ಗದಗಿಗೆ ಒಂದು ದಿನದ ದಾರಿ, ಲಕ್ಷ್ಮೇಶ್ವರದಿಂದಲೂ ಹಾಗೇ. ಶಿರಹಟ್ಟಿಯಿಂದ ಕೊಂಚ ಕಡಿಮೆ.

ನಡೆಯುವುದಾದರೂ ಯಾವಾಗ? ನಮ್ಮದು ಎರಿ ನೆಲ. ಮಳೆಗಾಲದಲ್ಲಿ ಗಾಲಿ ಗುಂಬದ ಮಟ ಹುಗಿಯುತ್ತದೆ. ಎತ್ತು ಮೊಣಕಾಲೂರುತ್ತವೆ. ಆದ್ದರಿಂದ ಯಾತ್ರೆಯ ಕಾಲವೆಂದರೆ ಹಿಂಗಾರಿ ಪೈರು ಕೈಗೆ ಬರುವ ಹೊತ್ತು. ನೆಲ ಗಟ್ಟಿಯಾಗಿರುತ್ತದೆ, ತುಂಗಭದ್ರೆ ಇಳಿದಿರುತ್ತಾಳೆ, ಎತ್ತುಗಳಿಗೆ ಕೆಲಸ ಕಡಿಮೆ, ಮನೆಯಲ್ಲಿ ಹೊಸ ಜೋಳವಿದೆ. ನಮ್ಮ ದೊಡ್ಡ ಜಾತ್ರೆಗಳನ್ನು ಒಂದು ಸಲ ಎಣಿಸಿ ನೋಡಿ. ಬಾದಾಮಿಯ ಬನಶಂಕರಿ ಬನದ ಹುಣ್ಣಿಮೆಗೆ. ಉಳವಿ ಚನ್ನಬಸವಣ್ಣ, ಮೈಲಾರಲಿಂಗ ಭಾರತ ಹುಣ್ಣಿಮೆಗೆ. ಸವದತ್ತಿ ಎಲ್ಲಮ್ಮನಿಗೆ ಈ ಎರಡೂ ಹುಣ್ಣಿಮೆಗಳು. ದೇವರುಗಳಿಗೆಲ್ಲ ಹುಣ್ಣಿಮೆಯೇ ಯಾಕೆ ಬೇಕು ಎಂದು ಚಿಕ್ಕಂದಿನಲ್ಲಿ ನಾನು ಕೇಳುತ್ತಿದ್ದೆ. ಬಿಸಿಲಿನಲ್ಲಿ ಎತ್ತು ದಣಿಯುತ್ತವೆ, ಇರುಳು ಬೆಳದಿಂಗಳಿದ್ದರೆ ದಾರಿ ಕಾಣುತ್ತದೆ, ಕಳ್ಳಕಾಕರ ಭಯವೂ ಕಡಿಮೆ. ಶಾಸ್ತ್ರ ಏನು ಹೇಳುತ್ತದೋ ನನಗೆ ತಿಳಿಯದು. ಬಂಡಿ ಹೊಡೆಯುವವನ ಲೆಕ್ಕ ಮಾತ್ರ ಇದು.

ಈ ಜಾತ್ರೆಗಳಲ್ಲೆಲ್ಲ ದಾರಿಯೇ ದೊಡ್ಡದು ಉಳವಿಗೆ. ಧಾರವಾಡ ದಾಟಿ, ಹಳಿಯಾಳ ದಾಟಿ, ದಾಂಡೇಲಿಯ ಕಾಡು ಹೊಕ್ಕು, ಜೋಯಿಡಾ ತಾಲೂಕಿನ ಗುಡ್ಡ-ಕಣಿವೆಗಳಲ್ಲಿ ಏರಿಳಿದು ಹೋಗಬೇಕು. ಕಲ್ಯಾಣದ ಕ್ರಾಂತಿಯ ಅನಂತರ ಶರಣರು ನಡೆದ ದಾರಿಯೆಂದು ಭಕ್ತರು ನಂಬುತ್ತಾರೆ. ಗದಗಿನ ಕಡೆಯ ಚಕ್ಕಡಿಗಳಿಗೆ ಹೋಗಲಿಕ್ಕೇ ವಾರದ ಮೇಲೆ ಬೇಕು, ಬರಲು ಮತ್ತೆ ಅಷ್ಟೇ. ಬಯಲುಸೀಮೆಯ ಎತ್ತು, ಬಯಲುಸೀಮೆಯ ಮಂದಿ. ಮರದ ನೆರಳೇ ಅಪರೂಪವಾದ ನಾಡಿನಿಂದ ಹೋದ ಹೆಂಗಸಿಗೆ ಆಕಾಶ ಕಾಣದಂಥ ಕಾಡು. ನಮ್ಮ ಆಯಿ (ಅಜ್ಜಿಯನ್ನು ನಾವು ಕರೆಯುತ್ತಿದ್ದದ್ದು ಹಾಗೆ) ಜೀವಮಾನದಲ್ಲಿ ಒಂದೇ ಸಲ ಉಳವಿಗೆ ಹೋಗಿದ್ದಳು. ದೇವರ ದರ್ಶನದ ಸಂಗತಿ ಎರಡು ಮಾತಿನಲ್ಲಿ ಮುಗಿಸುತ್ತಿದ್ದಳು. ದಾರಿಯ ಸಂಗತಿ ಎರಡು ದಿನವಾದರೂ ಮುಗಿಯುತ್ತಿರಲಿಲ್ಲ. ಹಸಿ ಕಟ್ಟಿಗೆಯ ಹೊಗೆ, ಕಾಡಿನ ಹಳ್ಳದ ತಣ್ಣಗಿನ ನೀರು, ರಾತ್ರಿ ಚಕ್ಕಡಿಗಳನ್ನು ಸುತ್ತುಗಟ್ಟಿ ನಿಲ್ಲಿಸಿ ನಡುವೆ ಒಲೆ ಹೂಡಿದ್ದು, ಯಾರದೋ ಬಂಡಿಯ ಕಡಾಣಿ ಕಿತ್ತು ಗಾಲಿ ಉರುಳಿಹೋದದ್ದು.

ನಾನೊಮ್ಮೆ ಕೇಳಿದೆ: “ಆಯಿ, ಮನಿಯಾಗೂ ಅಡಿಗಿ, ದಾರಿಯಾಗೂ ಅಡಿಗಿ. ನಿನಗ ಆರಾಮ ಎಲ್ಲಿ ಬಂತು?”

ಆಯಿ ನಕ್ಕಳು. “ಮನಿಯಾಗ ಅಡಿಗಿ ಮಾಡಿದ್ರ ಯಾರು ನೋಡತಾರ? ದಾರಿಯಾಗ ಮಾಡಿದ್ರ ಗಂಡಸರು ನೀರು ತರತಾರ, ಕುಳ್ಳು ತರತಾರ, ಒಲಿ ಮುಂದ ಕುಂತು ‘ಆತೇನಬೇ’ ಅಂತ ಕೇಳತಾರ. ರೊಟ್ಟಿ ಹೊತ್ತಿದ್ರೂ ಸುಮ್ನ ತಿಂತಾರ.”

ಈ ಮಾತನ್ನು ನಾನು ಬಹಳ ಸಲ ತಿರುವಿಹಾಕಿದ್ದೇನೆ. ಇವತ್ತಿನ ನಾವು, ಪಾಪ, ಹಿಂದಿನವರು ಯಾತ್ರೆಗೂ ಒಲೆ ಹೊತ್ತುಕೊಂಡು ಹೋಗುತ್ತಿದ್ದರು ಎಂದು ಕನಿಕರ ಪಡುತ್ತೇವೆ. ಕನಿಕರ ಸುಳ್ಳಲ್ಲ; ಇಪ್ಪತ್ತು ಮಂದಿಗೆ ಬಯಲಿನಲ್ಲಿ ರೊಟ್ಟಿ ಬಡಿಯುವುದು ಸುಖದ ಕೆಲಸವೇನೂ ಅಲ್ಲ, ರಟ್ಟೆ ಬಿದ್ದುಹೋಗುತ್ತದೆ. ಆದರೆ ಅತ್ತೆಯ ಒಲೆಯಿಂದ ಹೊರಬಂದು ಮೂರು ಕಲ್ಲಿನ ಒಲೆ ಹೂಡಿದಾಗ ಆ ಒಲೆ ಅವಳದೇ ಆಗುತ್ತಿತ್ತು. ಎಲ್ಲಿ ಹೂಡಬೇಕು, ಗಾಳಿ ಯಾವ ಕಡೆಗಿದೆ, ಯಾವಾಗ ಹಚ್ಚಬೇಕು ಎಂಬುದನ್ನು ಹೇಳುವವಳು ಅವಳು. ಬಂಡಿ ನಿಲ್ಲುವುದೂ ಅವಳ ಮಾತಿನ ಮೇಲೆ.

ಅವರು ದಾಟುತ್ತಿದ್ದ ಸೀಮೆಗಳೂ ವಿಚಿತ್ರ. 1948ಕ್ಕೆ ಮೊದಲು ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಗದಗು-ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದವು. ಮುಂಡರಗಿಯಿಂದ ಮೂಡಲಿಗೆ ಕೊಪ್ಪಳ ಸೀಮೆ ಹೈದರಾಬಾದ್ ನಿಜಾಮನದು, ತುಂಗಭದ್ರೆಯ ಆಚೆ ದಂಡೆಯ ಹಡಗಲಿ ಮದರಾಸಿನದು. ಅಂದರೆ ಮುಂಡರಗಿಯ ಹೆಣ್ಣುಮಗಳು ಭಾರತ ಹುಣ್ಣಿಮೆಗೆ ಹೊಳೆ ದಾಟಿ ಮೈಲಾರಕ್ಕೆ ಹೋದರೆ ಒಂದು ಇಲಾಖೆ ಬಿಟ್ಟು ಇನ್ನೊಂದು ಇಲಾಖೆಗೆ ಹೋದಂತೆ. ಅವಳಿಗೆ ಅದರ ಗೊಡವೆ ಇರಲಿಲ್ಲ. ಗೊರವಪ್ಪ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿದೊಡನೆ ಆ ಸಾವಿರಾರು ಮಂದಿ ಉಸಿರು ಬಿಗಿಹಿಡಿದು ಕಾರಣಿಕ ಕೇಳುತ್ತಿದ್ದರು. ಮುಂಬಯಿಯವರು ಯಾರು, ಮದರಾಸಿನವರು ಯಾರು ಎಂದು ಆ ಗದ್ದಲದಲ್ಲಿ ಕೇಳುವವರಾರು. ಎಲ್ಲರ ಬುತ್ತಿಯಲ್ಲೂ ಅದೇ ರೊಟ್ಟಿ, ಅದೇ ಹಿಂಡಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಬಾರದು. ನಾವು ವರ್ಷಕ್ಕೊಮ್ಮೆ ಮಾಡುತ್ತಿದ್ದದ್ದನ್ನು ವರ್ಷವಿಡೀ ಮಾಡುತ್ತಿದ್ದವರು ಲಮಾಣಿಗರು. ಹೇರೆತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಕರಾವಳಿಯಿಂದ ಬಯಲಿಗೆ, ಬಯಲಿನಿಂದ ದಖ್ಖನದ ಆಚೆಗೆ ಸಂಸಾರ ಸಮೇತ ಸಾಗುತ್ತಿದ್ದರು. ಹಾಗೆ ಸಾಗುವ ಎತ್ತುಗಳ ಸಾಲಿಗೇ ‘ತಾಂಡಾ’ ಎಂದು ಹೆಸರು. ಇಂದು ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಕಪ್ಪತಗುಡ್ಡದ ಆಸುಪಾಸಿನಲ್ಲಿ ತಾಂಡಾಗಳೆಂದರೆ ನಿಂತ ಊರುಗಳು. ನಡೆಯುವುದರ ಹೆಸರು ನಿಂತದ್ದಕ್ಕೆ ಹೇಗೆ ಬಂತು ಎಂದರೆ, ಅದಕ್ಕೆ ಒಂದು ದೊಡ್ಡ ಕಾರಣ ಗಾಲಿಯ ರಸ್ತೆ ಮತ್ತು ರೈಲು. ಸಾವಿರ ಎತ್ತು ಹೊರುವುದನ್ನು ಒಂದು ಗೂಡ್ಸ್ ಗಾಡಿ ಒಂದೇ ರಾತ್ರಿಯಲ್ಲಿ ಹೊತ್ತಾಗ ಲಮಾಣಿಗರ ಹೊಟ್ಟೆಯ ಮೇಲೆ ಬರೆ ಬಿತ್ತು. ಕಾಡಿನ ಕಟ್ಟಿಗೆಗೆ, ಕೂಲಿಗೆ, ದೂರದೂರಿನ ದುಡಿತಕ್ಕೆ ಅವರ ಹೆಣ್ಣುಮಕ್ಕಳು ಇಳಿಯಬೇಕಾಯಿತು. ರೈಲಿನ ಗುಣಗಾನ ಮಾಡುವಾಗ ನನ್ನ ನಾಲಿಗೆ ಅಲ್ಲಿ ಒಂದಿಷ್ಟು ತಡವರಿಸುತ್ತದೆ.

ರೈಲು ಬಂದದ್ದು ಹಸಿವಿನ ಬೆನ್ನಿಗೆ. ಅದಕ್ಕೂ ಮೊದಲು ಹತ್ತಿ ಬಂದಿತ್ತು. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು ನಮ್ಮ ಎರಿ ಹೊಲದ ಹತ್ತಿಗೆ ಬಂಗಾರದ ಬೆಲೆ ಬಂತು. ಬಂಡಿಯ ಗಾಲಿಗೆ ಬೆಳ್ಳಿಯ ಹಳಿ ಹಾಕಿಸಿದವರ ಕಥೆ ಆ ಕಾಲದ್ದೇ. ನಿಜವೋ ಬಡಾಯಿಯೋ, ಕೇಳಲು ಚೆಂದ. ಆ ಹತ್ತಿಯೆಲ್ಲ ಗದಗಿನಿಂದ ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಕ್ಕೆ ಹೋಗುತ್ತಿತ್ತು. ಅದಾದ ಹತ್ತು-ಹನ್ನೆರಡು ವರ್ಷಕ್ಕೆ, 1876ರಿಂದ 1878ರ ತನಕ ದೊಡ್ಡ ಬರ. ದನಗಳು ಸತ್ತವು. ಎತ್ತಿಲ್ಲದ ಮೇಲೆ ಬಂಡಿ ಎಲ್ಲಿಯದು? ಬೇರೆ ಸೀಮೆಯಲ್ಲಿ ಕಾಳಿದ್ದರೂ ಇಲ್ಲಿಗೆ ತರುವ ಗಾಲಿ ಇರಲಿಲ್ಲ. ದಕ್ಷಿಣ ಹಿಂದುಸ್ತಾನದಲ್ಲಿ ಲಕ್ಷಗಟ್ಟಲೆ ಮಂದಿ ಸತ್ತರು. 1880ರಲ್ಲಿ ಬರಗಾಲದ ಆಯೋಗ ವರದಿ ಕೊಟ್ಟಿತು. ಬರ ಬೀಳುವ ಸೀಮೆಗಳಿಗೆ ರೈಲು ಬೇಕೆಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಸೊಲ್ಲಾಪುರದ ಹತ್ತಿರದ ಹೋಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿ ಹಾಯ್ದು ಗದಗಿನ ತನಕ ಮೀಟರ್ ಗೇಜಿನ ಹಳಿ ಬಂತು. ಆ ದಶಕ ಮುಗಿಯುವುದರೊಳಗೆ ಪಡುವಲಲ್ಲಿ ಹುಬ್ಬಳ್ಳಿ, ಮೂಡಲಲ್ಲಿ ಹೊಸಪೇಟೆ, ಬಳ್ಳಾರಿ ಕೂಡಿಕೊಂಡವು. ಗದಗು ಜಂಕ್ಷನ್ ಆಯಿತು. ಹತ್ತಿಯ ಬಂಡಿಗಳು ಕುಮಟೆಯ ದಾರಿ ಬಿಟ್ಟು ಸ್ಟೇಶನ್ನಿನ ದಾರಿ ಹಿಡಿದವು.

ಕಾಳು ತರಲು, ಹತ್ತಿ ಒಯ್ಯಲು ಹಾಕಿದ ಹಳಿ. ಹೆಣ್ಣುಮಕ್ಕಳನ್ನು ತವರಿಗೆ ಮುಟ್ಟಿಸಲಿ ಎಂದು ಯಾವ ಸಾಹೇಬನೂ ಅದನ್ನು ಹಾಕಲಿಲ್ಲ. ಆದರೆ ನನ್ನ ಮಟ್ಟಿಗೆ ಅದು ಮಾಡಿದ ದೊಡ್ಡ ಕೆಲಸ ಅದೇ.

ಯಾಕೆಂದರೆ ಜಾತ್ರೆಗಳೆಲ್ಲ ಬಿಸಿಲುಗಾಲದ ಬಾಗಿಲಲ್ಲಿ ಬಂದರೆ, ಹೆಣ್ಣುಮಕ್ಕಳ ಹಬ್ಬ ಮಾತ್ರ ಬರುವುದು ನಡು ಮಳೆಗಾಲದಲ್ಲಿ. ನಾಗರ ಪಂಚಮಿ. ಅಣ್ಣ ಬಂದು ಕರೆದೊಯ್ಯಬೇಕು, ಜೋಕಾಲಿ ಜೀಕಬೇಕು, ಉಂಡಿ ತಿನ್ನಬೇಕು, ಅವ್ವನ ಹತ್ತಿರ ನಾಲ್ಕು ದಿನ ಕಣ್ಣೀರು ಹಾಕಿ ಹಗುರಾಗಬೇಕು. ಶ್ರಾವಣದ ಜಡಿಗೆ ಎರಿ ಹೊಲ ಕೆಸರಿನ ಮಡುವಾದಾಗ ಅಣ್ಣನ ಬಂಡಿ ಬರುವುದು ಹೇಗೆ? ನವಲಗುಂದ, ರೋಣದ ಸೀಮೆಯವರಿಗೆ ಬೆಣ್ಣೆಹಳ್ಳದ ಹೆಸರು ಕೇಳಿದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಬೇಸಿಗೆಯಲ್ಲಿ ಹುಡುಗರು ಹಾರಿ ದಾಟುವ ಹಳ್ಳಗಳು ಶ್ರಾವಣದಲ್ಲಿ ಬಂಡಿ, ಎತ್ತು, ಮನುಷ್ಯರನ್ನು ಕೂಡಿಯೇ ಒಯ್ದದ್ದುಂಟು. ಹಳ್ಳದ ಈಚೆ ದಂಡೆಗೆ ತಂಗಿ, ಆಚೆ ದಂಡೆಗೆ ಅಣ್ಣ. ಒಬ್ಬರ ಮುಖ ಒಬ್ಬರು ನೋಡಿ ತಿರುಗಿ ಹೋದದ್ದನ್ನು ಹಳೆಯ ಹೆಂಗಸರು ಹೇಳುತ್ತಿದ್ದರು.

ನಮ್ಮ ಆಯಿಯ ತವರು ಶಿರಹಟ್ಟಿ. ಕೊಟ್ಟದ್ದು ಹೊಳೆಆಲೂರ ಹತ್ತಿರದ ಹಳ್ಳಿಗೆ, ಮಲಪ್ರಭೆಯ ಸೀಮೆ. ಅವಳ ಅತ್ತೆಯ ಕಾಲದಲ್ಲಿ ಅಷ್ಟು ದೂರ ಹೆಣ್ಣು ಕೊಡುವುದೆಂದರೆ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗ’ ಎಂಬ ಮಾತು ನಿಜವಾದಂತೆಯೇ ಇತ್ತು. ಆಯಿ ಮದುವೆಯಾಗುವ ಹೊತ್ತಿಗೆ ಹೊಳೆಆಲೂರಲ್ಲಿ ಸ್ಟೇಶನ್ ಇತ್ತು. ಪಂಚಮಿಗೆ ನಾಲ್ಕು ದಿನ ಮೊದಲು ಅವಳ ಅಣ್ಣ ಬರುತ್ತಿದ್ದ. ಮಲ್ಲಾಪುರ, ಹೊಂಬಳ ದಾಟಿ ಗದಗಿನಲ್ಲಿಳಿದರೆ ಅಲ್ಲಿಂದ ಶಿರಹಟ್ಟಿಗೆ ಖಡಿ ಹಾಕಿದ ರಸ್ತೆ. ಬಂಡಿ ಸಿಗುತ್ತಿತ್ತು, ಮುಂದೆ ಮೋಟಾರೂ ಬಂತು. “ರೈಲ್ನ್ಯಾಗ ಕುಂತು ಕಿಡಕ್ಯಾಗ ನೋಡಿದರ ಹಳ್ಳ ಕೆಂಪಗ ಹರೀತಿತ್ತು. ಹರಕೋ ಹೋಗು ಅಂತಿದ್ನಿ” ಎಂದು ಹೇಳುವಾಗ ಆಯಿಯ ದನಿಯಲ್ಲಿ ಒಂದು ಸೇಡಿನ ಸುಖ ಇರುತ್ತಿತ್ತು. ನೀವು ಹುಟ್ಟಿದೂರಿಗೂ ಕೊಟ್ಟೂರಿಗೂ ನಡುವೆ ಒಂದು ಹಳ್ಳ ಇದ್ದವರಾದರೆ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರೈಲಿನಲ್ಲಿ ಹೆಂಗಸರಿಗೆ ಬೇರೆ ಡಬ್ಬಿ ಇರುವುದು ಇತ್ತೀಚಿನ ಕರುಣೆಯೆಂದು ಕೆಲವರು ತಿಳಿದಿದ್ದಾರೆ. ಅದು 1890ರ ರೈಲ್ವೆ ಕಾಯ್ದೆಯಲ್ಲೇ ಇತ್ತು. ಪ್ರತಿ ಪ್ಯಾಸೆಂಜರ್ ಗಾಡಿಯಲ್ಲೂ ಕೆಳದರ್ಜೆಯ ಒಂದು ಕಂಪಾರ್ಟ್‌ಮೆಂಟಾದರೂ ಹೆಂಗಸರಿಗೇ ಮೀಸಲಿರಬೇಕು. ಗಾಡಿ ಐವತ್ತು ಮೈಲಿಗಿಂತ ಹೆಚ್ಚು ದೂರ ಓಡುವಂತಿದ್ದರೆ ಅದರಲ್ಲಿ ಪಾಯಿಖಾನೆ ಇರಬೇಕು. ಗದಗು-ಹೋಟಗಿ ಹಾದಿ ಐವತ್ತು ಮೈಲಿಯ ಮೂರು ಪಟ್ಟಿಗೂ ಉದ್ದ. ಕೆಳದರ್ಜೆಯ ಗಂಡಸರಿಗೆ ಆ ಸೌಕರ್ಯ ಸಿಗಲು ಮತ್ತೂ ಎಷ್ಟೋ ವರ್ಷ ಬೇಕಾದವು. ಕಾಯ್ದೆ ಬರೆದಂತೆ ಎಲ್ಲ ಕಡೆಗೂ ನಡೆಯಿತೆಂದು ನಾನು ಹೇಳುವುದಿಲ್ಲ. ಆದರೂ ದಾರಿ ನಡೆವ ಹೆಂಗಸಿನ ಮೊದಲ ಚಿಂತೆ ಯಾವುದೆಂದು ಯಾರಾದರೂ ಯೋಚಿಸಿ ಬರೆದಿದ್ದರಲ್ಲ! ಚಕ್ಕಡಿಯಲ್ಲಿ ಹೋಗುವಾಗ ಕತ್ತಲಾಗುವ ತನಕ ತಡೆದುಕೊಂಡು, ಅದಕ್ಕಾಗಿ ನೀರನ್ನೇ ಕುಡಿಯದೆ ಕೂಡ್ರುತ್ತಿದ್ದವರ ಮೊಮ್ಮಕ್ಕಳು ನಾವು.

ಇನ್ನು ಊಟದ ವಿಷಯ. ಚಕ್ಕಡಿಯಲ್ಲಿ ಒಲೆ ಜೊತೆಗೆ ಬರುತ್ತಿತ್ತು. ರೈಲಿಗೆ ಒಲೆ ಬರಲೊಲ್ಲದು. ಆದ್ದರಿಂದ ಎರಡು ದಿನದ ಕೆಲಸವೆಲ್ಲ ಹೊರಡುವ ಮೊದಲೇ ಮುಗಿಯಬೇಕು. ಇಪ್ಪತ್ತು-ಮೂವತ್ತು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಝುಣಕದ ವಡಿ, ಒಣ ಚಟ್ನಿ, ಮೊದಲ ಹೊತ್ತಿಗೆ ಮೊಸರನ್ನದ ಬುತ್ತಿ. ಉಳ್ಳಾಗಡ್ಡಿ ಹಾಗೇ ಇಡುವುದು, ಉಣ್ಣುವಾಗ ಮುಷ್ಟಿಯಿಂದ ಗುದ್ದಿ ಒಡೆಯುವುದು. ಮಡಿ ಹಿಡಿಯುವವರ ಮನೆಗಳಲ್ಲಿ ಇದರ ಮೇಲೆ ಇನ್ನೊಂದು ಲೆಕ್ಕ. ನೀರು ಹಾಕಿ ಮಾಡಿದ್ದು ಮುಸುರೆ, ಹತ್ತು ಜಾತಿಯವರು ಕೂತ ಬಾಕಿನ ಮೇಲೆ ಅದು ಸಲ್ಲದು. ಹಾಲಿನಲ್ಲಿ ಕಲಸಿದರೆ ಸಲ್ಲುತ್ತದೆ! ಹಾಲಿನಲ್ಲಿ ಕಲಸಿ ತಟ್ಟಿದ ದಶಮಿ ಆ ಮನೆಗಳ ದಾರಿಯ ರೊಟ್ಟಿಯಾಯಿತು. ನೀರಿಗೆ ಬದಲು ಹಾಲು ಹಾಕಿದರೆ ಮೆತ್ತಗೂ ಇರುತ್ತದೆ, ರುಚಿಯೂ ಹೆಚ್ಚು. ಶಾಸ್ತ್ರದ ದಾರಿ ಎಲ್ಲಿಂದೆಲ್ಲಿಗೋ ಹೋಗಿ ನಾಲಿಗೆಯ ದಾರಿಗೇ ಕೂಡುವುದನ್ನು ನಾನು ಬೇರೆ ಕಡೆಗೂ ಕಂಡಿದ್ದೇನೆ.

ಸ್ಟೇಶನ್ನುಗಳಲ್ಲಿ ‘ಹಿಂದೂ ನೀರು’, ‘ಮುಸಲ್ಮಾನ ನೀರು’ ಎಂದು ಬೇರೆ ಬೇರೆ ಕೊಡುತ್ತಿದ್ದ ಕಾಲ ಅದು. ಅಂಥದರಲ್ಲಿ ಹೆಂಗಸರ ಡಬ್ಬಿಯೊಳಗೆ ನಡೆಯುತ್ತಿದ್ದ ವ್ಯವಹಾರವೇ ಬೇರೆ. ಗಾಡಿ ಹತ್ತಿದ ಅರ್ಧ ತಾಸು ಯಾರೂ ಯಾರ ಗಂಟೂ ನೋಡುವುದಿಲ್ಲ. ಮುಂದೆ ಒಬ್ಬಳು ತನ್ನ ಬುತ್ತಿ ಬಿಚ್ಚುತ್ತಾಳೆ. ಗುರೆಳ್ಳಿನ ಘಮ ಡಬ್ಬಿ ತುಂಬಾ. ಎದುರಿನವಳು, “ನೀವು ಬೆಲ್ಲ ಹಾಕತೀರೇನ್ರೀ ಇದಕ್ಕ?” ಎಂದು ಕೇಳುತ್ತಾಳೆ. ಉತ್ತರಕ್ಕೆ ಬದಲು ಒಂದು ಚಿಟಿಕೆ ಪುಡಿ ಎದುರಿನವಳ ಅಂಗೈಗೆ. ಪುಡಿಗೆ ಮುಸುರೆಯಿಲ್ಲ, ಹೋಳಿಗೆಗೆ ಇಲ್ಲವೆಂದು ಹೇಳಿಕೊಳ್ಳಬಹುದು. ಬದನೆಕಾಯಿಗೆ ಏನು ಹೇಳುವುದು? ಬಾದಾಮಿ ಬರುವುದರೊಳಗೆ ಅದೂ ಕೈ ಬದಲಾಗಿರುತ್ತಿತ್ತು. “ಮನಿಯಾಗ ಹೇಳಬ್ಯಾಡ್ರಿ” ಎಂಬ ಒಪ್ಪಂದ ಇದ್ದೇ ಇರುತ್ತಿತ್ತೆಂದು ಅವ್ವ ಹೇಳುತ್ತಿದ್ದಳು. ಎಲ್ಲರೊಡನೆಯೂ ಹೀಗಿತ್ತೇ ಎಂದರೆ ಇಲ್ಲ. ಮೂಲೆಯಲ್ಲಿ ಕೆಳಗೆ ಕೂತವಳಿಗೆ ಯಾರೂ ಕೈ ಚಾಚುತ್ತಿರಲಿಲ್ಲ, ಅವಳ ಬುತ್ತಿ ಏನೆಂದು ಯಾರೂ ಕೇಳುತ್ತಿರಲಿಲ್ಲ. ಅವ್ವ ಅದನ್ನೂ ಹೇಳುತ್ತಿದ್ದಳು, ದನಿ ಇಳಿಸಿ.

ಬನಶಂಕರಿ ಜಾತ್ರೆಗೆ ನಮ್ಮ ಕಡೆಯವರು ಬಂಡಿ ಬಿಟ್ಟು ರೈಲು ಹಿಡಿದದ್ದು ಹೀಗೆಯೇ. ಬಾದಾಮಿ ಸ್ಟೇಶನ್ನಿನಲ್ಲಿ ಇಳಿದು ಟಾಂಗಾ ಹತ್ತುವುದು, ಹುಣ್ಣಿಮೆಯ ಹಿಂದಿನ ದಿನ ಪಲ್ಯದ ಹಬ್ಬಕ್ಕೆ ತಾಯಿಗೆ ನೂರೆಂಟು ಕಾಯಿಪಲ್ಯೆ ಏರಿಸುವುದನ್ನು ನೋಡುವುದು, ರಾತ್ರಿಯೆಲ್ಲ ಕಂಪನಿ ನಾಟಕ. ಅಲ್ಲಿ ಗುಡಿಯ ಮುಂದೆ ಇಂದಿಗೂ ಸುತ್ತಲಿನ ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಕೆಂಪು ಚಟ್ನಿ, ಪಲ್ಯೆ, ಮಣ್ಣಿನ ಗಡಿಗೆಯಲ್ಲಿ ಗಟ್ಟಿ ಮೊಸರು ಹೊತ್ತು ತಂದು ಮಾರುತ್ತಾರೆ. ದೂರದಿಂದ ಬಂದವರು ಕಲ್ಲಿನ ಕಟ್ಟೆಯ ಮೇಲೆ ಕೂತು ಉಣ್ಣುತ್ತಾರೆ. ನನ್ನ ಅವ್ವ ಮೊದಲ ಸಲ ಹಾಗೆ ಕೊಂಡು ಉಂಡಾಗ ಅವಳಿಗೆ ನಲವತ್ತರ ಮೇಲಾಗಿತ್ತು. ತಾನು ಬಡಿಯದ ರೊಟ್ಟಿಯನ್ನು ಕೂತಲ್ಲೇ ಉಂಡದ್ದು ಬಾಣಂತನ ಬಿಟ್ಟರೆ ಅದೇ ಮೊದಲು ಎಂದಳು. ಆ ರೊಟ್ಟಿ ಮಾರುವವಳನ್ನೇ ನೋಡುತ್ತ, “ಪಾಪ, ಎಷ್ಟೊತ್ತಿಗೆ ಎದ್ದಿರಬೇಕು ಈಕಿ” ಎಂದೂ ಅಂದಳು.

ರೈಲಿನಲ್ಲಿ ಒಲೆ ಹಚ್ಚಬಾರದೆಂಬ ನಿಯಮ ಹಳೆಯದು. ಆದರೂ ಕೂಸಿನ ಹಾಲು ಕಾಸಲಿಕ್ಕೆಂದು ಸ್ಪಿರಿಟ್ ಒಲೆಯನ್ನೋ ಸ್ಟೋವನ್ನೋ ಬಟ್ಟೆಗಂಟಿನಲ್ಲಿ ಒಯ್ಯುತ್ತಿದ್ದವರಿದ್ದರು. ಅದನ್ನು ಜಾಣತನವೆಂದು ಹೇಳಿಕೊಳ್ಳುವುದನ್ನೂ ಕೇಳಿದ್ದೇನೆ. 2023ರ ಆಗಸ್ಟ್ 26ರ ನಸುಕಿನಲ್ಲಿ ಮದುರೈ ಸ್ಟೇಶನ್ನಿನ ಹತ್ತಿರ ನಿಲ್ಲಿಸಿದ್ದ ಯಾತ್ರಿಕರ ಬೋಗಿಯೊಂದು ಸುಟ್ಟುಹೋಯಿತು. ಉತ್ತರ ಪ್ರದೇಶದಿಂದ ತೀರ್ಥಯಾತ್ರೆಗೆ ಬಂದವರು; ದಾರಿಯ ಅಡಿಗೆಗೆಂದು ಒಳಗೆ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡಿದ್ದರು. 9 ಜನ ಸತ್ತರು. ಮನೆಯ ಊಟವನ್ನೇ ಉಣ್ಣಬೇಕೆಂಬ ನಮ್ಮ ಜನರ ಹಟ ಎಷ್ಟು ಗಟ್ಟಿಯಾದದ್ದು, ಎಷ್ಟು ಅಪಾಯದ್ದು ಎಂದು ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಬಯಲಿನ ಮೂರು ಕಲ್ಲಿನ ಒಲೆಗೂ ಬಾಗಿಲು ಹಾಕಿದ ಬೋಗಿಯ ಒಲೆಗೂ ಅಜಗಜಾಂತರ. ರೈಲಿಗೆ ಬುತ್ತಿಯೇ ತಕ್ಕದ್ದೆಂದು ಹಳೆಯ ಹೆಂಗಸರು ಯಾವಾಗಲೋ ಕಂಡುಕೊಂಡಿದ್ದರು.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 1908ರಲ್ಲಿ ಸದರ್ನ್ ಮರಾಠಾ ಕಂಪನಿ ಮದರಾಸಿನದರೊಡನೆ ಕೂಡಿ ಎಂ. ಅಂಡ್ ಎಸ್. ಎಂ. ಆಯಿತು, 1951ರಲ್ಲಿ ದಕ್ಷಿಣ ರೈಲ್ವೆ, 2003ರಲ್ಲಿ ಹುಬ್ಬಳ್ಳಿಯೇ ಕೇಂದ್ರವಾದ ನೈಋತ್ಯ ರೈಲ್ವೆ. ಹುಬ್ಬಳ್ಳಿಯ ಕಡೆಯ ಮೀಟರ್ ಗೇಜ್ 1990ರ ದಶಕದಲ್ಲಿ ಹೋಯಿತು, ಸೊಲ್ಲಾಪುರದ ಕಡೆಯದು 2008ರ ಹೊತ್ತಿಗೆ. ಹೊಗೆ ಕಾರುವ ಸಣ್ಣ ಗಾಡಿ, ಎಂಜಿನ್ನು ನೀರು ಕುಡಿಯುವ ತನಕ ಗದಗಿನ ಪ್ಲಾಟ್‌ಫಾರ್ಮಿನ ಮೇಲೆ ಕೂತು ಉಣ್ಣುವ ಸಂಸಾರಗಳು ಈಗಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ಮಾತ್ರ ರೈಲು ಇವತ್ತಿಗೂ ಬಂದಿಲ್ಲ. ಲಕ್ಷ್ಮೇಶ್ವರದವರು ಗುಡಗೇರಿಗೋ ಗದಗಿಗೋ ಹೋಗಬೇಕು. ಗದಗಿನಿಂದ ಯಲವಿಗಿಗೆ ಹಳಿ ಬೇಕೆಂಬ ಕೂಗು ಹಳೆಯದಾಗಿದೆ. ಆ ಊರುಗಳ ಹೆಣ್ಣುಮಕ್ಕಳ ತಿರುಗಾಟವನ್ನು ಹೊತ್ತದ್ದು ಬಸ್ಸು. 2023ರ ಜೂನ್ 11ರಿಂದ ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿಗೆ ದುಡ್ಡಿಲ್ಲವೆಂದಾದ ಮೇಲೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಬಸ್ಸು ನೋಡಬೇಕು. ಯಾರನ್ನೂ ದುಡ್ಡು ಕೇಳದೆ, ಬುತ್ತಿ ಕಟ್ಟಿಕೊಂಡು, ಐದಾರು ಗೆಳತಿಯರು. ಕೆಲವರು ಅವರನ್ನು ಆಡಿಕೊಂಡು ನಗುತ್ತಾರೆ. ಹೆಂಗಸರಿಗೆ ಬೇರೆ ಡಬ್ಬಿ ಬಂದಾಗಲೂ ನಕ್ಕಿರಬೇಕು.

ಮುಂಡರಗಿ ತಾಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಗೆ ‘ರೊಟ್ಟಿ ಜಾತ್ರೆ’ ಎಂದೇ ಹೆಸರು. ಊರ ಮನೆಮನೆಗಳಿಂದ, ಸುತ್ತಲಿನ ಹಳ್ಳಿಗಳಿಂದ ಖಡಕ್ ರೊಟ್ಟಿಗಳು ಬರುತ್ತವೆ. ಯಾರ ಮನೆಯದು, ಯಾವ ಜಾತಿಯದು ಎಂದು ಗುರುತು ಸಿಗದಂತೆ ಎಲ್ಲ ಒಂದೇ ರಾಶಿಯಾಗುತ್ತವೆ. ಕಾಯಿಪಲ್ಯೆಗಳನ್ನೆಲ್ಲ ಕೂಡಿಸಿ ಮಾಡಿದ ಭಜ್ಜಿ, ಕರಿಂಡಿ. ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ನಾನು ಅಲ್ಲಿ ಉಣ್ಣುವಾಗ ರೈಲಿನ ಡಬ್ಬಿಯ ಮೂಲೆಯಲ್ಲಿ ಕೂತವಳು ನೆನಪಾದಳು. ಅವ್ವನಿಗೆ ಅಲ್ಲಿಂದ ಎರಡು ರೊಟ್ಟಿ ಕಟ್ಟಿಸಿಕೊಂಡು ಬಂದೆ.

ಉಳವಿಗೆ ಚಕ್ಕಡಿಗಳು ಇನ್ನೂ ಹೋಗುತ್ತವೆ. ಡಾಂಬರು ರಸ್ತೆಯಲ್ಲಿ ಸಾಲುಗಟ್ಟಿ, ಎತ್ತಿನ ಮೇಲೆ ಝೂಲು, ಕೊರಳಿಗೆ ಗೆಜ್ಜೆಸರ. ಹಿಂದೆ ಮುಂದೆ ಲಾರಿ, ಮೋಟಾರುಗಳ ಕಾಟ. ಕಮಾನಿಗೆ ಗುಡಾರದ ಬದಲು ನೀಲಿ ತಾಡಪತ್ರಿ, ಕಂದೀಲಿನ ಬದಲು ಬ್ಯಾಟರಿ. ಧಾರವಾಡದ ಆಚೆ ಒಂದು ಹೊಲದ ಬದುವಿನಲ್ಲಿ ಕೊಳ್ಳು ಹರಿದು ನಿಂತಿದ್ದ ಏಳೆಂಟು ಚಕ್ಕಡಿಗಳನ್ನು ನಾನು ಕಂಡೆ. ಮೂರು ಕಲ್ಲಿನ ಒಲೆಯ ಮುಂದೆ ಒಬ್ಬ ಮೀಸೆಯ ಗಂಡಸು ಕೂತು ರೊಟ್ಟಿ ಬಡಿಯುತ್ತಿದ್ದ. ಅಂಚು ಅಲ್ಲಲ್ಲಿ ಒಡೆದಿತ್ತು. ಅವನ ಹೆಂಡತಿ ಬಂಡಿಯ ನೆರಳಿನಲ್ಲಿ ಕಾಲು ಚಾಚಿ ಕೂತು, “ಹಿಟ್ಟು ಇನ್ನೊಂದೀಟು ನಾದ್ರಿ” ಎನ್ನುತ್ತಿದ್ದಳು.